ಕೊಬ್ಬು ತೆಗೆದರೆ ಉರಿಯೂತ ಇಳಿಯುತ್ತದೆಯೇ?

ಉರಿಯೂತವೆಂದರೆ ನಮಗೆ ನೆನಪಾಗುವುದು ಕೆಂಪೇರಿ ಊದಿಕೊಂಡ ಗಾಯ. ಬೊಜ್ಜಿನ ಜೊತೆಗಿರುವ ಉರಿಯೂತಕ್ಕೆ ಆ ಯಾವ ಗುರುತೂ ಇಲ್ಲ. ನೋವಿಲ್ಲ, ಜ್ವರವಿಲ್ಲ, ವರ್ಷಗಟ್ಟಲೆ ಒಳಗೊಳಗೇ ನಡೆದು ಇನ್ಸುಲಿನ್ನಿನ ಕೆಲಸ ಕೆಡಿಸುತ್ತದೆ, ರಕ್ತನಾಳಗಳ ಒಳಪದರಕ್ಕೆ ಪೆಟ್ಟು ಕೊಡುತ್ತದೆ.

ಬೊಜ್ಜಿನ ಇಲಿಗಳ ಕೊಬ್ಬೇ ಟಿಎನ್‌ಎಫ್-ಆಲ್ಫಾ ಎಂಬ ಉರಿಯೂತದ ರಾಸಾಯನಿಕವನ್ನು ತಯಾರಿಸುತ್ತದೆ ಎಂದು 1993ರಲ್ಲಿ ಗೋಖಾನ್ ಹೋತಾಮಿಶ್ಲಿಗಿಲ್, ಬ್ರೂಸ್ ಸ್ಪೀಗಲ್‌ಮನ್ ಮತ್ತು ಸಂಗಡಿಗರು ತೋರಿಸಿದರು. ಕೊಬ್ಬೆಂದರೆ ಬರಿಯ ಉಗ್ರಾಣ ಎಂಬ ಎಣಿಕೆ ಅಲ್ಲಿಗೆ ಅಲುಗಾಡಿತು. 2003ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ತೆಳ್ಳಗಿನವರ ಕೊಬ್ಬಿನ ಅಂಗಾಂಶದಲ್ಲಿ ಶೇ. 10ಕ್ಕೂ ಕಡಿಮೆಯಿರುವ ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕಣಗಳು ತೀರ ದಪ್ಪಗಿರುವವರಲ್ಲಿ ಶೇ. 40ರ ಹತ್ತಿರಕ್ಕೆ ಏರುತ್ತವೆ. ಕೊಬ್ಬಿನ ಕಣ ಉಬ್ಬಿ ಉಬ್ಬಿ ಸಾಯುತ್ತದೆ. ಮ್ಯಾಕ್ರೋಫೇಜ್‌ಗಳು ಅದನ್ನು ಸುತ್ತುವರಿದು ರಾಸಾಯನಿಕಗಳನ್ನು ಸುರಿಸುತ್ತವೆ. ಅವುಗಳಿಂದ ಕೆರಳಿದ ಯಕೃತ್ತು ಸಿಆರ್‌ಪಿ ಎಂಬ ಪ್ರೋಟೀನನ್ನು ಹೆಚ್ಚಾಗಿ ರಕ್ತಕ್ಕೆ ಬಿಡುತ್ತದೆ.

ಹಾಗಾದರೆ ಕೊಬ್ಬನ್ನೇ ಹೀರಿ ತೆಗೆದುಬಿಟ್ಟರೆ? ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಸ್ಯಾಮ್ಯುಯೆಲ್ ಕ್ಲೈನ್ ತಂಡ ಇದನ್ನೇ ಪರೀಕ್ಷಿಸಿತು. 15 ಮಹಿಳೆಯರ ಹೊಟ್ಟೆಯ ಚರ್ಮದಡಿಯಿಂದ ಲೈಪೊಸಕ್ಷನ್ ಮೂಲಕ ಸುಮಾರು 10 ಕಿಲೊ ಕೊಬ್ಬು ಹೊರಬಂತು. ಎರಡು ಮೂರು ತಿಂಗಳ ಬಳಿಕ ನೋಡಿದರೆ ಸಿಆರ್‌ಪಿ, ಟಿಎನ್‌ಎಫ್-ಆಲ್ಫಾ, ಇನ್ಸುಲಿನ್ ಸ್ಪಂದನ ಯಾವುದೂ ಹೇಳಿಕೊಳ್ಳುವಂತೆ ಬದಲಾಗಿರಲಿಲ್ಲ. 2004ರಲ್ಲಿ ಪ್ರಕಟವಾದ ಈ ಫಲಿತಾಂಶ ಇಡೀ ವಿಷಯದ ಕೀಲಿಕೈ ಎಂದೇ ನನ್ನ ಎಣಿಕೆ.

ಇದಕ್ಕೆ ತದ್ವಿರುದ್ಧವಾಗಿ, ತೂಕ ಇಳಿಸುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರು ಕೊಬ್ಬನ್ನು ಮುಟ್ಟುವುದೇ ಇಲ್ಲ. ಸ್ಲೀವ್ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗ ತೆಗೆಯುತ್ತಾರೆ. ಬೈಪಾಸ್‌ನಲ್ಲಿ ಜಠರವನ್ನು ಪುಟ್ಟ ಚೀಲವಾಗಿಸಿ ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಕೊಯ್ದ ಗಾಯದಿಂದಾಗಿ ಮೊದಲ ದಿನಗಳಲ್ಲಿ ಸಿಆರ್‌ಪಿ ಏರುತ್ತದೆ, ಅದಕ್ಕೆ ಹೆದರಬೇಕಿಲ್ಲ. ತಿಂಗಳುಗಳು ಕಳೆದಂತೆ ಅದು ಮೊದಲಿದ್ದ ಮಟ್ಟಕ್ಕಿಂತಲೂ ಕೆಳಗಿಳಿಯುತ್ತದೆ. ಬೈಪಾಸ್ ಆದ ಮೂರೇ ತಿಂಗಳಲ್ಲಿ ಕೊಬ್ಬಿನೊಳಗಿನ ಮ್ಯಾಕ್ರೋಫೇಜ್‌ಗಳು ಕಡಿಮೆಯಾದದ್ದನ್ನು ಪ್ಯಾರಿಸ್ಸಿನ ಸಂಶೋಧಕರು 2005ರಲ್ಲಿ ವರದಿ ಮಾಡಿದರು. ಉರಿಯೂತ ತಗ್ಗಿಸುವ ಅಡಿಪೊನೆಕ್ಟಿನ್ ಹಾರ್ಮೋನು ಹೆಚ್ಚುತ್ತದೆ.

ವ್ಯತ್ಯಾಸ ಇಲ್ಲಿದೆ. ಲೈಪೊಸಕ್ಷನ್‌ನಲ್ಲಿ ಉಳಿದ ಕಣಗಳು ಉಬ್ಬಿದಂತೆಯೇ ಇರುತ್ತವೆ, ಕರುಳ ಸುತ್ತಲಿನ ಮತ್ತು ಯಕೃತ್ತಿನ ಕೊಬ್ಬು ಹಾಗೆಯೇ ಕೂತಿರುತ್ತದೆ. ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯ ನಂತರ ಹಸಿವು, ಊಟ ಎರಡೂ ತಗ್ಗಿ ಮೈಯೆಲ್ಲೆಡೆಯ ಕಣಗಳು ಕುಗ್ಗುತ್ತವೆ. ಕರುಳಿನ ಹಾರ್ಮೋನುಗಳು, ಪಿತ್ತರಸ, ಕರುಳಿನ ಬ್ಯಾಕ್ಟೀರಿಯಾ ಕೂಡ ಬದಲಾಗುತ್ತವೆ. ಪಥ್ಯದಿಂದ ತೂಕ ಇಳಿದರೂ ಉರಿಯೂತ ತಗ್ಗುತ್ತದೆ, ನಿಜ. ಆದರೆ ಇಳಿದ ತೂಕ ಹಾಗೇ ನಿಲ್ಲುವುದು ಕಷ್ಟ. ಅದನ್ನು ಮನೋಬಲದ ಕೊರತೆಯೆಂದು ಹಳಿಯುವುದು ಅನ್ಯಾಯ. ಸ್ವೀಡನ್ನಿನ ದೀರ್ಘ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆ ಆದವರ ತೂಕ 20 ವರ್ಷಗಳ ಬಳಿಕವೂ ಸರಾಸರಿ ಶೇ. 18ರಷ್ಟು ಕಡಿಮೆಯೇ ಇತ್ತು. ಶಸ್ತ್ರಚಿಕಿತ್ಸೆ ಆಗದವರಿಗಿಂತ ಅವರಲ್ಲಿ ಹೃದಯಾಘಾತಗಳೂ ಸಾವುಗಳೂ ಕಡಿಮೆ.

ಈ ಚಿಕಿತ್ಸೆ ಮಾಡಿಸಿಕೊಂಡವರು ಬಿ12, ಕಬ್ಬಿಣಾಂಶಗಳ ಪರೀಕ್ಷೆಯನ್ನು ಜೀವನಪೂರ್ತಿ ಬಿಡಬಾರದು. ಬೈಪಾಸ್ ಆದವರಂತೂ ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಯನ್ನು ತಾವಾಗಿಯೇ ನುಂಗಬೇಡಿ. ಜೋಡಣೆಯ ಜಾಗದಲ್ಲಿ ಅದು ಹುಣ್ಣು ಮಾಡಬಲ್ಲದು. ಯಾವ ವೈದ್ಯರ ಬಳಿ ಹೋದರೂ ಶಸ್ತ್ರಚಿಕಿತ್ಸೆಯ ವಿಷಯವನ್ನು ಮೊದಲು ಹೇಳಿ.