ತೊಟ್ಟಿ ತೊಳೆದ ಮೇಲೆಯೇ ಬ್ಲೀಚಿಂಗ್ ಪುಡಿ

ಬೇಸಿಗೆ ರಜೆಗೆ ಬೀಗ ಬಿದ್ದಿದ್ದ ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಮನೆಗಳಲ್ಲಿ ನೀರಿನ ತೊಟ್ಟಿ ಪಾಚಿಗಟ್ಟಿರುತ್ತದೆ. ಅಲ್ಲೀಪುರದ ಕೆರೆಯಿಂದ ಶುದ್ಧವಾಗಿ ಬಂದ ತುಂಗಭದ್ರೆಯ ನೀರೂ ಅದರಲ್ಲಿ ಬಿದ್ದರೆ ಕೆಡುತ್ತದೆ. ಬ್ಲೀಚಿಂಗ್ ಪುಡಿ ಸುರಿದರಷ್ಟೇ ಸಾಲದು. ಪಾಚಿ, ಕೆಸರುಗಳೇ ಕ್ಲೋರಿನ್ನನ್ನು ತಿಂದುಹಾಕುತ್ತವೆ, ರೋಗಾಣುಗಳು ಉಳಿಯುತ್ತವೆ.

ಆದ್ದರಿಂದ ಹಳೆಯ ನೀರು ಬಸಿದು, ಉಜ್ಜಿ ತೊಳೆದು, ಹೊಸ ನೀರು ತುಂಬಬೇಕು. ಲೆಕ್ಕ ಮಕ್ಕಳೇ ಹಾಕಲಿ: ಉದ್ದ, ಅಗಲ, ಆಳ ತಲಾ 1 ಮೀಟರ್ ಇದ್ದರೆ 1,000 ಲೀಟರ್. ಅಷ್ಟಕ್ಕೆ ಸತ್ವವುಳ್ಳ ಪುಡಿ ಸುಮಾರು 2.5 ಗ್ರಾಂ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿನೀರನ್ನಷ್ಟೇ ತೊಟ್ಟಿಗೆ ಬೆರೆಸಿ, ಒಂದು ಗಂಟೆ ಬಿಡಬೇಕು. ಗಾಳಿಗೆ ತೆರೆದಿಟ್ಟ ಪುಡಿ ಸತ್ವಗೆಡುತ್ತದೆ. ಬಿಸಿಲಿಗೆ ನೀರಿನ ಕ್ಲೋರಿನ್ ಕಡಿಮೆಯಾಗುತ್ತದೆ. ಎರಡಕ್ಕೂ ಮುಚ್ಚಳ ಬೇಕು. ನೆಲದೊಳಗಿನ ತೊಟ್ಟಿಗೆ ಮಾತ್ರ ಮಕ್ಕಳನ್ನು ಇಳಿಸಕೂಡದು. ಉಸಿರುಗಟ್ಟಿ ಪ್ರಾಣಕ್ಕೇ ಅಪಾಯ.