ಭಜ್ಜಿಗೊಂದು ಬಿಳಿ ಜೋಡಿ

ಬಿಳಿ ವೈನ್‌ಗೆ ಯಾವ ಊಟ ಒಗ್ಗುತ್ತದೆಂದು ಕಲಿಸಲು ದಪ್ಪ ದಪ್ಪ ಪುಸ್ತಕಗಳಿವೆ, ಸರ್ಟಿಫಿಕೇಟ್ ಕೊಡುವ ಶಾಲೆಗಳಿವೆ. ಆ ಪಂಡಿತರೆಲ್ಲ ಎಳ್ಳಮಾಸಿಯ ದಿನ ಭಾಲ್ಕಿಯ ಕಡೆ ಯಾವುದಾದರೂ ಹೊಲದ ಬದುವಿನ ಮೇಲೆ ಬಂದು ಕೂರಬೇಕು!

ಮಾರ್ಗಶಿರದ ಅಮಾವಾಸ್ಯೆ ಅದು. ಬೀದರ್ ಪೇಟೆ ಬಿಕೋ ಎನ್ನುತ್ತಿರುತ್ತದೆ, ಔರಾದ್ ರಸ್ತೆಯ ಎರಡೂ ಬದಿಯ ಕರಿ ಹೊಲಗಳಲ್ಲಿ ಜನವೋ ಜನ. ಜೋಳದ ದಂಟಿನ ಕೊಂಪೆ, ಒಳಗೆ ಪಾಂಡವರೆಂದು ಸುಣ್ಣ ಬಳಿದು ಕೂರಿಸಿದ ಐದು ಕಲ್ಲು. ಪೂಜೆಯಾಗಿ, ಹೊಲದ ಸುತ್ತ ನೈವೇದ್ಯದ ಚರಗ ಚೆಲ್ಲಿ, ಎಲ್ಲರೂ ಊಟಕ್ಕೆ ಕೂತರೆ ಮೊದಲು ಬರುವುದೇ ಮಣ್ಣಿನ ಗಡಿಗೆಯ ಅಂಬಲಿ. ಬೆಳ್ಳಗೆ, ತಣ್ಣಗೆ, ಹುಳ್ಳಗೆ!

ಮಾಡುವ ಬಗೆ ಸರಳ. ಜೋಳದ ಹಿಟ್ಟನ್ನು ಬೇಯಿಸಿ ಆರಿಸಿ, ಹುಳಿ ಮಜ್ಜಿಗೆ ಬೆರೆಸಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಹಾಕಿ ರಾತ್ರಿಯಿಡೀ ಗಡಿಗೆಯಲ್ಲಿಡುತ್ತಾರೆ. ಉಳಿದದ್ದು ಮಜ್ಜಿಗೆಯಲ್ಲಿನ ಸೂಕ್ಷ್ಮಜೀವಿಗಳ ಕೆಲಸ. ಗಡಿಗೆಯ ಮೈಯಿಂದ ನೀರು ಜಿನುಗಿ ಆರುತ್ತಿರುವುದರಿಂದ ತಂಪಿಗೆ ಫ್ರಿಜ್ಜೂ ಬೇಡ.

ಇನ್ನು ಜೊತೆಗಾರ ಭಜ್ಜಿ. ಬೆಂಗಳೂರಿನವರು ಎಣ್ಣೆಯಲ್ಲಿ ಕರಿದ ಬಜ್ಜಿಯೆಂದುಕೊಂಡರೆ ಕೆಟ್ಟರು. ಇದು ಹಸಿ ತೊಗರಿ, ಹಸಿ ಕಡಲೆ, ಅವರೆ, ಬಟಾಣಿ, ಶೇಂಗಾ, ಮೆಂತ್ಯ, ಪಾಲಕ, ಗಜ್ಜರಿ, ಬದನೆ, ಕೆಲವು ಮನೆಗಳಲ್ಲಿ ಬೋರೆಹಣ್ಣು ಕೂಡ, ಆ ಕಾಲದಲ್ಲಿ ಸಿಕ್ಕಿದ್ದೆಲ್ಲ ಸೇರಿ ಕಡಲೆ ಹಿಟ್ಟಿನಲ್ಲಿ ಕುದಿದ ದಟ್ಟ ಪಲ್ಯ. ಸಜ್ಜೆ ರೊಟ್ಟಿ ಮುರಿದು ಎರಡು ತುತ್ತು ತಿನ್ನಿ, ಕಾಳಿನ ಹಿಟ್ಟು ಹಿಟ್ಟು ರುಚಿ ನಾಲಿಗೆಗೆ ಅಂಟಿಕೊಳ್ಳುತ್ತದೆ. ಮೇಲೊಂದು ಗುಟುಕು ಅಂಬಲಿ! ಹುಳಿಗೆ ಬಾಯಲ್ಲಿ ನೀರೂರಿ ನಾಲಿಗೆ ತೊಳೆದಿಟ್ಟಂತಾಗಿ, ಮುಂದಿನ ತುತ್ತು ಮೊದಲನೆಯದರಷ್ಟೇ ಹೊಸದು. ಬಿಳಿ ವೈನ್ ಜಿಡ್ಡಿನ ಮೀನಿನ ಜೊತೆ, ಚೀಸಿನ ಜೊತೆ ಮಾಡುವ ಕೆಲಸವೂ ಇದೇ ಅಲ್ಲವೇ?

ಬೆರಗು ಇಲ್ಲಿಗೇ ಮುಗಿಯುವುದಿಲ್ಲ. ದ್ರಾಕ್ಷಿಯಲ್ಲಿ ಹಸಿ ಸೇಬಿನಂಥ ಚುರುಕು ಹುಳಿಯೊಂದಿದೆ, ಮ್ಯಾಲಿಕ್ ಆಮ್ಲ. ಶಾರ್ಡನೆಯಂಥ ಬಿಳಿ ವೈನ್‌ಗಳಲ್ಲಿ ಯೀಸ್ಟ್ ತನ್ನ ಪಾಲಿನ ಕೆಲಸ ಮುಗಿಸಿದ ಮೇಲೆ ಎಷ್ಟೋ ತಯಾರಕರು ಒಳಗೆ ಬಿಟ್ಟುಕೊಳ್ಳುವುದು ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳನ್ನು, ನಮ್ಮ ಮಜ್ಜಿಗೆಯವುಗಳ ದಾಯಾದಿಗಳನ್ನು! ಅವು ಆ ಚುರುಕು ಹುಳಿಯನ್ನು ಮೊಸರಿನ ಮೆತ್ತನೆ ಹುಳಿಯಾಗಿಸುತ್ತವೆ. ಹಾಗೆ ಮಾಡುವಾಗ ಹುಟ್ಟುವ ಡೈಅಸಿಟೈಲ್ ಎಂಬ ವಸ್ತುವಿನಿಂದಲೇ ದುಬಾರಿ ಶಾರ್ಡನೆ ಬೆಣ್ಣೆಯಂತೆ ಘಮಘಮಿಸುವುದು. ಮಜ್ಜಿಗೆಯ, ಬೆಣ್ಣೆಯ ಪರಿಮಳಕ್ಕೂ ಅದೇ ಡೈಅಸಿಟೈಲ್ ಕಾರಣ! ಫ್ರಾನ್ಸಿನ ಬರ್ಗಂಡಿಯ ನೆಲಮಾಳಿಗೆಗೂ ಔರಾದಿನ ಅಡುಗೆಮನೆಗೂ ಹೀಗೊಂದು ನೆಂಟಸ್ತಿಕೆ.

ಆ ಶಾರ್ಡನೆಗೂ ದೂರ ಹೋಗಬೇಕಿಲ್ಲ. ಪಕ್ಕದ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಅಕಲೂಜಿನಲ್ಲಿ ಫ್ರಾಟೆಲ್ಲಿ ಎಂಬ ವೈನ್ ಕಂಪನಿಯವರ ದ್ರಾಕ್ಷಿ ತೋಟಗಳಿವೆ. ಸಾಂಜೊವೆಸೆ ಎಂಬ ಇಟಲಿಯ ಕಪ್ಪು ದ್ರಾಕ್ಷಿಯಿಂದಲೂ ಅವರು ಬಿಳಿ ವೈನ್ ತೆಗೆಯುತ್ತಾರೆ. ಬಣ್ಣವೆಲ್ಲ ಸಿಪ್ಪೆಯಲ್ಲಿರುತ್ತದೆ, ರಸವನ್ನು ಬೇಗ ಬೇರ್ಪಡಿಸಿದರಾಯಿತು. ಭಜ್ಜಿಗೆ ಅದೂ ನಡೆದೀತು. ಆದರೆ ನನ್ನ ಓಟು ಅಂಬಲಿಗೇ: ಗಡಿಗೆಯ ಜೋಳ, ಬಟ್ಟಲಿನ ಕಡಲೆ ಎರಡೂ ಒಂದೇ ಕರಿ ಮಣ್ಣಿನವು, ಮೇಲಾಗಿ ಮಕ್ಕಳೂ ಲೋಟ ಚಾಚಬಹುದು.

ಹೋಳಿಗೆಯ ಸರದಿ ಬಂದಾಗ ಮಾತ್ರ ಅಂಬಲಿ, ವೈನ್ ಎರಡನ್ನೂ ಪಕ್ಕಕ್ಕಿಡಿ. ಸಿಹಿಯ ಮುಂದೆ ಹುಳಿ ಇನ್ನಷ್ಟು ಹುಳಿಯಾಗುತ್ತದೆ. ಹೋಳಿಗೆಗೆ ಹಾಲು, ತುಪ್ಪವೇ ಸರಿ. ಅಂಬಲಿಯನ್ನು ಸಂಜೆಗೆ ಉಳಿಸಿಕೊಳ್ಳಿ. ಬಿಸಿಲಿಗೆ ಇನ್ನೊಂದಿಷ್ಟು ಹುದುಗಿ ಅದು ಬೇರೆಯದೇ ರುಚಿಗೆ ತಿರುಗಿರುತ್ತದೆ, ಭಜ್ಜಿಯೂ ಅಷ್ಟು ಹೊತ್ತಿಗೆ ಗಟ್ಟಿಯಾಗಿರುತ್ತದೆ.