ದಂಡಿನ ಸೊಳ್ಳೆ ಪಂಡಿತರು

ಮಳೆ ಹಿಡಿಯಿತೆಂದರೆ ನವಿ ಮುಂಬಯಿಯ ಖಾರಘರದ ಸೆಕ್ಟರುಗಳಲ್ಲಿ ಫಾಗಿಂಗ್ ಹೊಗೆ ಏಳುತ್ತದೆ. ಜನ ಪಾಂಡವಕಡಾ ಜಲಪಾತದತ್ತ ಓಡುವ ಹೊತ್ತಿಗೆ, ಅರ್ಧ ಕಟ್ಟಿದ ಕಟ್ಟಡಗಳ ತಳದಲ್ಲಿ ನಿಂತ ನೀರಿನಲ್ಲಿ ಸೊಳ್ಳೆಗಳ ಸಂಸಾರ ಶುರುವಾಗಿರುತ್ತದೆ. ಹೊಗೆ ಬಿಡುವವರನ್ನು ಎಲ್ಲರೂ ನೋಡಿದ್ದಾರೆ. ಯಾವ ಸೊಳ್ಳೆಗೆ ಯಾವ ಮದ್ದು ಎಂದು ಹೇಳುವ ಕೀಟತಜ್ಞರನ್ನು ನೋಡಿದವರು ಕಡಿಮೆ. ಅವರಿಗೆ ಸೇನೆಯಲ್ಲೂ ಕೆಲಸವಿದೆ ಎಂದರೆ ಪ್ರಾಣಿಶಾಸ್ತ್ರ ಓದುವ ಮಕ್ಕಳೇ ನಂಬುವುದಿಲ್ಲ.

ಈ ನಂಟು ಹಳೆಯದು. 1883ರಲ್ಲಿ ಬೆಂಗಳೂರು ದಂಡಿಗೆ ಸೇನಾ ವೈದ್ಯನಾಗಿ ಬಂದ ರೊನಾಲ್ಡ್ ರಾಸ್‌ಗೆ ಬಂಗಲೆಯಲ್ಲಿ ವಿಪರೀತ ಸೊಳ್ಳೆ ಕಾಟ. ಕಿಟಕಿಯಾಚೆ ಇದ್ದ ನೀರಿನ ತೊಟ್ಟಿಯಲ್ಲಿ ಮರಿಗಳು ಮಿಜಿಗುಡುತ್ತಿದ್ದವು. ತೊಟ್ಟಿ ಮಗುಚಿದ, ಕಾಟ ಇಳಿಯಿತು. ಮೆಸ್ಸಿನ ಸುತ್ತಲ ಡಬ್ಬಿ, ಹೂದಾನಿಗಳನ್ನೂ ಬರಿದು ಮಾಡೋಣ ಎಂದರೆ ಅಡ್ಜುಟೆಂಟ್ ಸಾಹೇಬರು ಒಪ್ಪಲಿಲ್ಲ. ಸೊಳ್ಳೆ ಹುಟ್ಟಿದ್ದಕ್ಕೂ ಏನೋ ಉದ್ದೇಶವಿದ್ದೀತು, ಸಹಿಸಿಕೊಳ್ಳುವುದೇ ನಮ್ಮ ಕರ್ತವ್ಯ ಎಂಬುದು ಅವರ ವಾದ! ರಾಸ್ ಇದನ್ನು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅನಾಫಿಲಿಸ್ ಸೊಳ್ಳೆಯ ಜಠರದಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡವನು ಇವನೇ. 1902ರಲ್ಲಿ ನೊಬೆಲ್ ಬಂತು.

ಅದೇ 1883ರಲ್ಲಿ ಮುಂಬಯಿಯಲ್ಲಿ ಎಂಟು ಮಂದಿ ಸೇರಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕಟ್ಟಿದರು. ಅವರಲ್ಲೊಬ್ಬ ಚಿಟ್ಟೆ, ಪತಂಗಗಳ ಹುಚ್ಚು ಹಿಡಿಸಿಕೊಂಡಿದ್ದ ಕರ್ನಲ್ ಚಾರ್ಲ್ಸ್ ಸ್ವಿನ್‌ಹೋ. ಮುಂದೆ ಬಂದ ಸೇನಾ ವೈದ್ಯ, ಲೆಫ್ಟಿನೆಂಟ್ ಕರ್ನಲ್ ಎಫ್. ಸಿ. ಫ್ರೇಸರ್, ಕೊಡಗಿನ ಹೊಳೆಗಳಲ್ಲಿ ಏರೋಪ್ಲೇನ್ ಚಿಟ್ಟೆಗಳನ್ನು ಹುಡುಕಿದ. 1933ರಿಂದ 1936ರೊಳಗೆ ಬಂದ ಅವನ ಮೂರು ಸಂಪುಟಗಳನ್ನು ಈ ಕೀಟಗಳ ಅಧ್ಯಯನಕ್ಕೆ ಇಳಿದವರು ಈಗಲೂ ತೆರೆಯುತ್ತಾರೆ. ಇವೆಲ್ಲ ನೌಕರಿಯ ಬಿಡುವಿನ ಹವ್ಯಾಸಗಳು. ಕೀಟವಿದ್ಯೆ ಯುದ್ಧಕ್ಕೆ ಎಷ್ಟು ಬೇಕು ಎಂದು ಮನದಟ್ಟಾದದ್ದು ಎರಡನೇ ಮಹಾಯುದ್ಧದ ಹೊತ್ತಿನ ಬರ್ಮಾದಲ್ಲಿ. 1943ರಲ್ಲಿ ಗಾಯಗೊಂಡು ಹಿಂದಕ್ಕೆ ಬಂದ ಒಬ್ಬ ಸೈನಿಕನಿಗೆ ಕಾಯಿಲೆ ಬಿದ್ದು ಬಂದವರು 120 ಮಂದಿ ಎಂದು ಅಲ್ಲಿನ ಬ್ರಿಟಿಷ್ ದಂಡನಾಯಕ ಸ್ಲಿಮ್ ದಾಖಲಿಸಿದ್ದಾನೆ.

ಸೇನೆಗಾಗಿ ಈ ಕೆಲಸ ಮಾಡಲು ಇಂದು ದಾರಿ ಎರಡು. ಎಂಬಿಬಿಎಸ್ ಮುಗಿಸಿ ಸೇನಾ ವೈದ್ಯಕೀಯ ದಳ ಸೇರಿ, ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಸಮುದಾಯ ವೈದ್ಯಶಾಸ್ತ್ರದ ಎಂಡಿ ಮಾಡಿದರೆ, ಕಂಟೋನ್ಮೆಂಟುಗಳ ಆರೋಗ್ಯ, ನೈರ್ಮಲ್ಯ ನೋಡಿಕೊಳ್ಳುವ ಸ್ಟೇಷನ್ ಹೆಲ್ತ್ ಆರ್ಗನೈಸೇಷನ್ನಿನ ಚುಕ್ಕಾಣಿ ಸಿಗಬಹುದು. ಮುಂಬಯಿಯ ನೌಕಾಪಡೆಗೂ ಇಂಥದೊಂದಿದೆ. ಅಲ್ಲಿನ ದಿನಚರಿಯಲ್ಲಿ ಹಿಡಿಕೆಯ ಬಿಳಿ ಸೌಟನ್ನು ನಿಂತ ನೀರಿಗೆ ಓರೆಯಾಗಿ ಇಳಿಸಿ ಮರಿ ಎಣಿಸುವುದೂ ಸೇರಿದೆ. ಮರಿ ನೀರಿನ ಮೇಲ್ಮೈಗೆ ಸಮನಾಗಿ ಮಲಗಿದ್ದರೆ ಮಲೇರಿಯಾದ ಅನಾಫಿಲಿಸ್. ತಲೆಕೆಳಗಾಗಿ ತೂಗುತ್ತಿದ್ದರೆ ಈಡಿಸ್ ಅಥವಾ ಕ್ಯೂಲೆಕ್ಸ್.

ಎರಡನೆಯದು ಸಮವಸ್ತ್ರವಿಲ್ಲದ ದಾರಿ: ಎಂ.ಎಸ್ಸಿ. ಅಥವಾ ಪಿಎಚ್.ಡಿ. ಮಾಡಿ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒದಲ್ಲಿ ವಿಜ್ಞಾನಿಯಾಗುವುದು. ಅದರ ಗ್ವಾಲಿಯರಿನ ಪ್ರಯೋಗಾಲಯದಲ್ಲಿ ಕೀಟವಿಭಾಗವಿದೆ; ಅಸ್ಸಾಮಿನ ತೇಜ್‌ಪುರದ್ದು ಈಶಾನ್ಯದ ಸೈನಿಕರ ಸೊಳ್ಳೆ ಸಮಸ್ಯೆ ನೋಡುತ್ತದೆ. ಅಮೆರಿಕದ ಸೇನೆಗೆಂದು ಹುಟ್ಟಿದ ಡೀಟ್ ಎಂಬ ಸೊಳ್ಳೆ ನಿವಾರಕಕ್ಕೆ ಬೇಕಾದ ಕಚ್ಚಾವಸ್ತು ಇಲ್ಲಿ ತಯಾರಾಗುತ್ತಿರಲಿಲ್ಲ. ಗ್ವಾಲಿಯರಿನವರು ಡೆಪಾ ಎಂಬ ಬದಲಿಯನ್ನು ಮಾಡಿದರು. ನನಗೆ ಅದಕ್ಕಿಂತ ಇಷ್ಟವಾದದ್ದು ಅವರ ಇನ್ನೊಂದು ಉಪಾಯ. ಈಡಿಸ್ ಹೆಣ್ಣನ್ನು ಮೊಟ್ಟೆಯಿಡಲು ಸೆಳೆಯುವ ಹೆನೈಕೋಸೇನ್ ಎಂಬ ರಾಸಾಯನಿಕವನ್ನು ನೀರಿಗೆ ಬೆರೆಸುತ್ತಾರೆ. ಜೊತೆಗೆ ಮರಿ ಪೊರೆ ಕಳಚದಂತೆ ತಡೆಯುವ ಮದ್ದು. ತಾಯಿ ತಾನಾಗಿಯೇ ಬಂದು ಮೊಟ್ಟೆ ಇಡುತ್ತಾಳೆ, ಸಂತಾನ ದೊಡ್ಡದಾಗುವುದಿಲ್ಲ.

ಅಮೆರಿಕದಲ್ಲಿ ಕೀಟಶಾಸ್ತ್ರ ಓದಿದವರೇ ಅಧಿಕಾರಿಯ ಸಮವಸ್ತ್ರ ತೊಡಬಹುದು. ಭೂಸೇನೆಯಲ್ಲಿ ಅವರಿಗೆಂದೇ 72ಬಿ ಎಂಬ ವಿಭಾಗ. ನಮ್ಮಲ್ಲೂ ಅಂಥದೊಂದು ಇರಬೇಕಿತ್ತು. ಕೀಟ ಬಲ್ಲವರು ಪ್ರಯೋಗಾಲಯದಲ್ಲಿ, ಅಧಿಕಾರ ಇರುವವರು ಠಾಣ್ಯದಲ್ಲಿ ಎಂಬ ಏರ್ಪಾಡಿನಲ್ಲಿ ಮಾಹಿತಿ ತಲುಪುವುದೇ ತಡ. ಇಂಜಿನಿಯರುಗಳೇ ತುಂಬಿರುವ ಡಿಆರ್‌ಡಿಒದಲ್ಲಿ ಜೀವವಿಜ್ಞಾನದವರಿಗೆ ಜಾಗವೂ ಕಡಿಮೆ. ಹಾಗಾಗಿ ಆಸಕ್ತಿಯುಳ್ಳ ಮಕ್ಕಳು ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರದ ಸಾರ್ವಜನಿಕ ಆರೋಗ್ಯ ಕೀಟಶಾಸ್ತ್ರದ ಎಂ.ಎಸ್ಸಿ.ಯನ್ನೂ ವಿಚಾರಿಸಲಿ. ಸೇನೆ ಕರೆಯದಿದ್ದರೆ ಅದೇ ಪದವಿ ಹಿಡಿದು ಆರೋಗ್ಯ ಇಲಾಖೆಯ ಬಾಗಿಲು ತಟ್ಟಬಹುದು.